ನೂರಾ ಅರವತ್ತೊಂದು

ನಮ್ಮ ಮನೆಗೆ ಮೆಟ್ಟಿಲು ನೂರಾ ಅರವತ್ತೊಂದು.
ನಾನು ಎಣಿಸಿದ್ದಲ್ಲ, ಎಫ್ರೈನ್ ಹೇಳಿದ್ದು.
ಹುಟ್ಟಿದಾಗಿನಿಂದ ಹತ್ತಿಳಿದವನು ನಾನು,
ನನ್ನ ಮಂಡಿಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ.

ವಾಲ್ಪರೈಸೊದ ಗುಡ್ಡಗಳಲ್ಲಿ ತಗಡಿನ ಮನೆಗಳು
ಒಂದರ ಹೆಗಲ ಮೇಲೊಂದು ಕೂತು
ಬಂದರಿನ ಹಡಗು ನೋಡುತ್ತವೆ.
ನನ್ನದು ಹಗ್ಗದ ಬಂಡಿಯ ಕೆಲಸ:
ಒಂದು ಡಬ್ಬಿ ಏರಿದರೆ ಇನ್ನೊಂದು ಇಳಿಯುತ್ತದೆ.
ನಡುದಾರಿಯಲ್ಲಿ ಒಮ್ಮೆ ಎದುರಾಗುತ್ತವೆ,
ಮಾತಿಲ್ಲದೆ ದಾಟುತ್ತವೆ.

ಒಂಬತ್ತು ತುಂಬಿದ ವರ್ಷ ಅವನು ಬಂಡಿ ಹತ್ತುವುದು ಬಿಟ್ಟ.
ಮೆಟ್ಟಿಲೇ. ಎಡಗಾಲು ಮೊದಲು. ತುಟಿ ಮಾತ್ರ ಅಲುಗುತ್ತಾ.
ನಾಯಿ ಅಡ್ಡ ಬಂದರೆ,
ಪಕ್ಕದ ಮನೆಯಾಕೆ ‘ಊಟ ಆಯ್ತೇನೋ’ ಅಂದರೆ,
ಮತ್ತೆ ಕೆಳಗೆ. ಮತ್ತೆ ಒಂದರಿಂದ.
ಕತ್ತಲಾದ ಮೇಲೊಂದು ದಿನ ಹುಡುಕಿ ಹೋದೆ.
ಏಳನೇ ಸಲವಂತೆ. ಚಡ್ಡಿ ಒದ್ದೆ.
ಉಚ್ಚೆಗೂ ನಿಲ್ಲುವಂತಿಲ್ಲ, ಲೆಕ್ಕ ತಪ್ಪುತ್ತದೆ.

ಹೊಡೆದೆ.
ಇದನ್ನು ಹೇಳದಿದ್ದರೂ ನಡೆಯುತ್ತಿತ್ತು,
ಆದರೆ ಲೆಕ್ಕವೆಂದ ಮೇಲೆ ಎಲ್ಲವೂ ಸೇರಬೇಕು.

ನನ್ನ ತಾಯಿ ಕ್ಲೋರಿಂದಾ ಅವನ ಮುಂಗೈಗೆ ಕೆಂಪು ದಾರ ಕಟ್ಟಿದಳು.
ಕೆಟ್ಟ ಕಣ್ಣು, ಅಂದಳು.
ಶಾಲೆಯವರು ಅವನ ಪುಸ್ತಕ ಕಳಿಸಿದರು:
ಒಂದೇ ಸಾಲು ಬರೆದು, ಅಳಿಸಿ, ಬರೆದು,
ಕಾಗದ ತೂತಾಗಿ ಮುಂದಿನ ಪುಟ ಕಾಣುತ್ತಿತ್ತು.
ಸೋಮಾರಿ, ಎಂದಿತ್ತು ಕೆಂಪು ಶಾಯಿ.
ಸೋಮಾರಿ!
ಆ ತೂತು ಕೊರೆಯಲು ಎಷ್ಟು ದುಡಿದಿರಬೇಕು ಅವನು.

ಐದು ತಿಂಗಳು ಕಾದ ಮೇಲೆ ಆಸ್ಪತ್ರೆಯಲ್ಲಿ ಸರದಿ ಬಂತು.
ಡಾಕ್ಟರ್ ಓಯಾರ್ಸುನ್, ಬೂಟಿನ ಲಾಡಿ ಬಿಚ್ಚಿಕೊಂಡ ಹೆಂಗಸು,
ಯಾಕೆ ಹೀಗೆ ಮಾಡ್ತೀಯ ಎನ್ನಲಿಲ್ಲ.
‘ಎಣಿಸದಿದ್ದರೆ ಏನಾಗುತ್ತದೆ?’ ಅಂದಳು.
ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ ಅದನ್ನು.
ಅವನು ಆ ಲಾಡಿಯನ್ನೇ ನೋಡುತ್ತಾ:
‘ಭೂಮಿ ನಡುಗುತ್ತೆ.
ಅಪ್ಪನ ಬಂಡಿಯ ಹಗ್ಗ ಹರಿಯುತ್ತೆ.’

ಏಳು ಸಲ. ಒದ್ದೆ ಚಡ್ಡಿಯಲ್ಲಿ.
ನನ್ನನ್ನು ಎತ್ತಿ ಹಿಡಿದುಕೊಂಡು.

ಕಾಯಿಲೆಗೆ ಉದ್ದದ ಹೆಸರಿತ್ತು,
ಟಿಕೆಟ್ಟಿನ ಹಿಂದೆ ಬರೆದುಕೊಂಡೆ, ಎರಡು ಟಿಕೆಟ್ಟು ಬೇಕಾಯಿತು.
ಆದರೆ ನನಗೆ ತಿಳಿದದ್ದು ಬೇರೆ ದಾರಿಯಿಂದ.
ಒಂದು ಚಳಿಗಾಲ ನಮ್ಮ ಬಂಡಿಯ ಅಪಾಯದ ಗಂಟೆ
ಹೊತ್ತು ಗೊತ್ತಿಲ್ಲದೆ ಬಡಿದುಕೊಳ್ಳುತ್ತಿತ್ತು.
ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿದಿತ್ತು.
ಗಂಟೆಯನ್ನು ಯಾರೂ ಬೈಯಲಿಲ್ಲ,
ಹಟಮಾರಿ ಎನ್ನಲಿಲ್ಲ, ದಾರ ಕಟ್ಟಲಿಲ್ಲ.
ಮುಚ್ಚಳ ಬಿಚ್ಚಿ ನೋಡಿದೆವು.

ಈಗ ನಮಗೆ ಮನೆಪಾಠ ಇದೆ.
ನಲವತ್ತನೇ ಮೆಟ್ಟಿಲನ್ನು ಬೇಕೆಂದೇ ಹಾರಬೇಕು.
ಹಿಂದೆ ಹೋಗುವಂತಿಲ್ಲ. ಅಲ್ಲೇ ನಿಂತು ಹೆದರಬೇಕು,
ಹೆದರಿಕೆ ತಾನಾಗಿ ಸುಸ್ತಾಗುವ ತನಕ.
‘ಏನೂ ಆಗಲ್ಲ ಕಂದ’ ಅಂತ ನಾನು ಹೇಳಬಾರದಂತೆ.
ಅವನ ಕೈ ಬೆವರುತ್ತದೆ, ನನ್ನ ನಾಲಿಗೆ ತುರಿಸುತ್ತದೆ.
ಯಾರ ಪಾಠ ಕಷ್ಟ, ಹೇಳಲಾರೆ.

ಮಾರ್ಚಿಯ ಒಂದು ರಾತ್ರಿ ನಿಜವಾಗಿಯೂ ನಡುಗಿತು.
ದೊಡ್ಡದಲ್ಲ. ಕಪಾಟಿನ ಬಟ್ಟಲುಗಳು
ಒಂದಕ್ಕೊಂದು ಗುಟ್ಟು ಹೇಳಿದವು, ದೀಪ ಹೋಯಿತು.
ಮೇಜಿನಡಿ ಅವನ ಉಸಿರು ನನ್ನ ಕಿವಿಗೆ:
‘ಅಪ್ಪಾ, ಇವತ್ತು ಕದ್ದು ಎಣಿಸಿದ್ದೆ.
ಒಂದೂ ತಪ್ಪಿರಲಿಲ್ಲ.’

ನನ್ನ ಬಳಿ ಉತ್ತರವಿರಲಿಲ್ಲ.
ಅವನು ಅತ್ತ. ಸೋತವನ ಅಳುವೋ, ಕೆಲಸ ಬಿಟ್ಟವನ ಅಳುವೋ,
ಕತ್ತಲಲ್ಲಿ ಮುಖ ಕಾಣಲಿಲ್ಲ.

ಗುಣವಾಯಿತೆ ಅನ್ನುತ್ತಾಳೆ ಅಮ್ಮ, ಮೂರು ಹೊತ್ತೂ.
ನಿನ್ನೆ ತೊಂಬತ್ತರ ತನಕ ಎಣಿಸಿದವನು
ಗೆಳೆಯನ ಮುರಿದ ಹಲ್ಲಿನ ಕಥೆ ಶುರು ಮಾಡಿ
ಮರೆತೇಬಿಟ್ಟ. ಆಮೇಲೆ ನೆನಪಾಗಿ,
ಮೂರು ಮೆಟ್ಟಿಲು ಹಿಂದಕ್ಕೆ.
ಮೂರೇ.

ಅವನು ನಿದ್ದೆ ಹೋದ ಮೇಲೆ
ನಾನೊಬ್ಬನೇ ಇಳಿದು, ಎಣಿಸುತ್ತಾ ಹತ್ತಿ ಬಂದೆ,
ಎಡಗಾಲು ಮೊದಲು, ತುಟಿ ಅಲುಗಿಸುತ್ತಾ.
ನೂರಾ ಅರವತ್ತೆರಡು ಬಂತು.
ಹೊಸ್ತಿಲನ್ನು ಸೇರಿಸಿಕೊಂಡಿದ್ದೀಯೇನೋ
ಎಂದು ಅವನನ್ನು ಕೇಳಬೇಕು ಒಂದು ದಿನ.
ಈಗಲೇ ಅಲ್ಲ.