ಗೋಣಿಯ ತೂಕ

ನಲವತ್ತು ವರ್ಷ ಹಾಸನದ ಮಂಡಿಯಲ್ಲಿ
ಆಲೂಗೆಡ್ಡೆ ತೂಗಿದ ಕೈ ಇದು.
ಮೂಟೆಯ ಕಿವಿ ಹಿಡಿದು ಒಮ್ಮೆ ಜಗ್ಗಿದರೆ ಸಾಕು,
ಗೆಡ್ಡೆ ಎಷ್ಟು, ಅಂಟಿದ ಮಣ್ಣೆಷ್ಟು,
ಕೈಯೇ ಹೇಳುತ್ತಿತ್ತು.
ಕಾಟಾ ಬರೀ ಸಾಕ್ಷಿಗೆ.

ಒಂದು ಸಂಜೆ ಖಾಲಿ ಚೀಲಗಳ ರಾಶಿಯಲ್ಲಿ
ಒಂದು ಚೀಲ ಮಿಸುಕಿತು.
ಹಾಗಾಗಿ ಅವಳು ಗೋಣಿ.

ಪಶು ಆಸ್ಪತ್ರೆಗೆ ಡಾಕ್ಟರಮ್ಮ ತಬಸ್ಸುಮ್ ಆಗಿನ್ನೂ ಹೊಸಬರು,
ಬಿಳಿ ಕೋಟಿನ ಅಂಗಡಿ ಮಡಿಕೆ ಹೋಗಿರಲಿಲ್ಲ.
"ಮಂಡಿಯವರಂತಲ್ಲ, ನೀವೇ ಹೇಳಿ, ಎಷ್ಟಿದ್ದೀತು?"
ಅಂಗೈ ಮೇಲೆ ಆಡಿಸಿದೆ.
"ಎರಡು ಕೆಜಿ ನೂರು ಗ್ರಾಂ.
ಆ ನೂರು ಹುಳದ್ದು."
ಮುಳ್ಳು ಅಲ್ಲೇ ನಿಂತಿತು.
ಔಷಧಿ ಕುಡಿದ ಮಾರನೇ ದಿನ
ಹುಳ ಬಿದ್ದವು, ಶ್ಯಾವಿಗೆಯ ಹಾಗೆ.

ಹಳದಿ ಕಾರ್ಡೊಂದು ಕೊಟ್ಟರು.
ಮೂರು ವಾರ ಬಿಟ್ಟು ಬನ್ನಿ, ಮತ್ತೆ ಮೂರು ವಾರ ಬಿಟ್ಟು,
ಆಮೇಲೆ ಹುಚ್ಚಿನ ಸೂಜಿ, ಅದನ್ನು ಮರೆಯಲೇಬೇಡಿ.
ಮಗಳ ಲಸಿಕೆ ಕಾರ್ಡು ಕಳೆದು
ಹೆಂಡತಿಯಿಂದ ಬೈಸಿಕೊಂಡವನು
ನಾಯಿಯ ಕಾರ್ಡನ್ನು ಎದೆಜೇಬಲ್ಲಿ ಇಟ್ಟೆ.
ಮಂಡಿಯೆಲ್ಲ ನಕ್ಕಿತು. ಮಗಳು ನಗಲಿಲ್ಲ.

ಬಿತ್ತನೆ ಗೆಡ್ಡೆಯ ಗದ್ದಲ ಇಳಿದ ಮೇಲೆ
ವರ್ಷಕ್ಕೊಂದು ಸಲ ಹೊರಡುತ್ತಿದ್ದೆವು.
ಸಾಲಿನಲ್ಲಿ ದುದ್ದದಿಂದ ಎಮ್ಮೆ ಹೊಡೆದುಕೊಂಡು ಬಂದವನು ಕೇಳಿದ:
"ಏನಾಗಿದೆ ನಾಯಿಗೆ?"
"ಏನೂ ಆಗಿಲ್ಲ."
"ಮತ್ತೆ ಯಾಕೆ ಬಂದೆ?"
"ಏನೂ ಆಗಿಲ್ಲ ಅಂತ ಕೇಳಿಸ್ಕಳಕ್ಕೆ."

ತುಟಿ ಎತ್ತಿ ಹಲ್ಲಿನ ಕಿಟ್ಟ ನೋಡುವರು,
ಕಿವಿಯೊಳಗೆ ದೀಪ ಬಿಡುವರು,
ಬಾಲದಡಿ ಥರ್ಮಾಮೀಟರ್ ಇಟ್ಟಾಗ
ಗೋಣಿ ನನ್ನನ್ನು ನೋಡುವಳು,
ಸಾಲ ಕೊಟ್ಟು ಮೋಸಹೋದವಳಂತೆ.
"ಹತ್ತೊಂಬತ್ತೂವರೆ" ಅನ್ನುವೆ ನಾನು. ಹತ್ತೊಂಬತ್ತೂವರೆಯೇ.
ಒಂದು ವರ್ಷ ಮಾತ್ರ ಇಪ್ಪತ್ಮೂರು,
ಮಂಡಿ ಹೋಟೆಲಿನ ಬೋಂಡದ ಪುಣ್ಯ.
"ಪಕ್ಕೆಲುಬು ಎಲ್ಲಿ ಬಚ್ಚಿಟ್ಟಿದ್ದೀರಿ ಹೂವಣ್ಣ?"
ಬೆರಳಲ್ಲಿ ಹುಡುಕುತ್ತ ಕೇಳಿದರು ಡಾಕ್ಟರಮ್ಮ.

ಎಂಟು ತುಂಬಿತು. ಇನ್ನು ಆರು ತಿಂಗಳಿಗೊಮ್ಮೆ, ಅಂದರು.
ಕಣ್ಣಿನಲ್ಲಿ ಗಂಜಿತಿಳಿಯಂಥ ನೀಲಿ.
ರಕ್ತ ಅವರೇ ತೆಗೆದರು, ಉಚ್ಚೆ ನಾನು ತರಬೇಕಂತೆ.
ಬೆಳಗಿನ ಜಾವ ಸಾರಿನ ಸೌಟು ಹಿಡಿದು
ಗೋಣಿಯ ಹಿಂದೆ ಬಗ್ಗಿ ಬಗ್ಗಿ ನಡೆದೆ.
ಅವಳು ತಿರುಗಿ ತಿರುಗಿ ನೋಡಿದಳು,
ಈ ಮುದುಕನಿಗೆ ಏನಾಗಿದೆ ಎಂದು.
ಆ ಸೌಟು ಮತ್ತೆ ಅಡುಗೆಮನೆಗೆ ಬರಲಿಲ್ಲ.

ಈ ಸಲ, ಹನ್ನೊಂದಕ್ಕೆ,
ಕಾಟಾದ ತಗಡಿನ ಮೇಲೆ ಅವಳ ಕಾಲು ನಿಲ್ಲಲಿಲ್ಲ.
"ಹೋದ ಸಲದ ಥರ ಎತ್ತಿಕೊಂಡು ನೀವೇ ಹತ್ತಿ."
ಎತ್ತಿದೆ.
ಎತ್ತಿದ ಕೂಡಲೇ ಕೈಗೆ ಗೊತ್ತಾಯಿತು.
"ಎಷ್ಟು ಹೂವಣ್ಣ?"
"ಹದಿನೆಂಟು."

ಮುಳ್ಳಿಗೆ ಬೆರಳು ತಾಗಿಸು ಎಂದು ನೋಟು ತೋರಿಸಿದವರಿಗೆ
ಬೆನ್ನು ತಿರುಗಿಸಿ ನಡೆದವನು ನಾನು.
ನಲವತ್ತು ವರ್ಷಕ್ಕೆ ಒಂದು ಸುಳ್ಳು ತೂಕ.

ಇಬ್ಬರೂ ಸೇರಿ ಎಪ್ಪತ್ನಾಲ್ಕು.
ಅವಳನ್ನಿಳಿಸಿ ನಾನೊಬ್ಬನೇ ನಿಂತೆ, ಐವತ್ತೊಂಬತ್ತು.
ಡಾಕ್ಟರಮ್ಮ ಕಾರ್ಡಿನಂಚಿನಲ್ಲಿ ಕಳೆದರು: ಹದಿನೈದು.
ಮೇಲಿನ ಸಾಲಿನಲ್ಲಿ ಹೋದ ಸಲದ ಲೆಕ್ಕವೂ ಇತ್ತು:
ಎಂಬತ್ತಮೂರೂವರೆಯಲ್ಲಿ ಅರವತ್ತಾರು ಹೋದರೆ ಹದಿನೇಳೂವರೆ.
ಪೆನ್ನು ಅಲ್ಲೇ ತಡೆಯಿತು,
ಗೋಣಿಯ ಅಂಕಿಯ ಮೇಲಲ್ಲ.

"ಅವಳಿಗೆ ಮೂತ್ರಪಿಂಡದ ತೊಂದರೆ, ನೋಡಿಕೊಳ್ಳೋಣ.
ಊಟ ಬದಲಿಸಿ, ನೀರು ಸದಾ ಇರಲಿ, ಮೂರು ತಿಂಗಳಿಗೆ ಬನ್ನಿ.
ನಿಮ್ಮದನ್ನು ಯಾರಿಗೆ ತೋರಿಸಿದ್ದೀರಿ, ಏಳು ಕೆಜಿ?"

ನನಗೇನಾಗಿದೆ, ಅಂದೆ.
ಕಾರ್ಡಿನ ಬೆನ್ನಿಗೆ ಬರೆದರು:
ಹೂವಣ್ಣ. ಸೋಮವಾರ. ದೊಡ್ಡಾಸ್ಪತ್ರೆ. ಬರೀ ಹೊಟ್ಟೆ.

ಸೋಮವಾರ ಅಲ್ಲಿದ್ದ ಹುಡುಗ ತಲೆಯೆತ್ತದೆ
"ಹತ್ತಿ ಅಜ್ಜ" ಅಂದ.
ಮುಳ್ಳು ಇನ್ನೂ ನಡುಗುತ್ತಿತ್ತು.
"ಐವತ್ತೆಂಟೂವರೆ" ಅಂದೆ,
"ಬರ್ಕೊ."