ಎಚ್ಚರವಿರುವಾಗಲೇ ಇಳಿಸುವುದು

ಮುಹರ್ರಕ್‌ನಲ್ಲಿ ರಾತ್ರಿ ಅಂದರೆ
ಹನ್ನೆರಡಕ್ಕೊಂದು ವಿಮಾನ, ಒಂದೂವರೆಗೊಂದು, ಮೂರಕ್ಕೆ ಎರಡು.
ಗಡಿಯಾರ ನೋಡಬೇಕಿಲ್ಲ ನಾನು.
ತಾರಸಿಯ ನೀರಿನ ಟ್ಯಾಂಕು ಗುಂಯ್ ಎಂದಾಗಲೆಲ್ಲ
ಶಮಿಕ ಕಣ್ಣು ಬಿಡುತ್ತಾನೆ, ಬಾಯಿ ತೆರೆಯುತ್ತಾನೆ,
ನಾನು ಗುಂಡಿ ಬಿಚ್ಚುತ್ತೇನೆ.

ಏಳು ತಿಂಗಳಿಂದ ಇದೇ ವ್ಯಾಪಾರ,
ಹಾಲು ಕೊಟ್ಟು ನಿದ್ದೆ ಕೊಳ್ಳುವುದು.
ಕೊಂಡ ನಿದ್ದೆ ಮುಂದಿನ ವಿಮಾನದವರೆಗೆ ಮಾತ್ರ.

ಈದ್ ಕಳೆದ ಮರುವಾರ ಸೂಕ್‌ನ ಅಬಾಯ ಅಂಗಡಿಗೆ ಮರಳಬೇಕು,
ನಾಲ್ಕರಿಂದ ರಾತ್ರಿ ಒಂಬತ್ತೂವರೆ,
ಕಪ್ಪು ಬಟ್ಟೆಯ ತೋಳಿಗೆ ಕಪ್ಪು ಮಣಿ ಹೊಲಿಯುವ ಕೆಲಸ.
ಹೊತ್ತು ಮುಳುಗಿದ ಮೇಲೆ ಮಗು ಅವರ ಪಾಲು.
ಅವರ ಎದೆಯಲ್ಲಿರುವುದು ಹಾಲಲ್ಲ,
ಹಿದ್ದ್‌ನ ಡ್ರೈಡಾಕಿನಲ್ಲಿ ಹಗಲೆಲ್ಲ ಕುಡಿದ ವೆಲ್ಡಿಂಗ್ ಹೊಗೆ;
ಎರಡು ಸಲ ಸೋಪು ಹಚ್ಚಿದರೂ ಹೋಗದ್ದು.

ಗಂಗೊಳ್ಳಿಯಿಂದ ಅತ್ತೆ, ಫೋನಿನಲ್ಲಿ:
"ಒಂದ್ ಶೀರಿ ಕಟ್ಟಿ ತೂಗ್ ಮರಾಯ್ತಿ."
ಎಲ್ಲಿಗೆ ಕಟ್ಟಲಿ? ಈ ಜಿಪ್ಸಮ್ ಸೀಲಿಂಗು
ಒಂದು ಬಲ್ಬನ್ನು ಹೊತ್ತದ್ದೇ ಹೆಚ್ಚು.
ಕೆಲಸ ಬಿಟ್ಟು ಕೊಟ್ಟಾಯಂಗೆ ಹೊರಟಿದ್ದ ಸಿಸ್ಟರ್ ಲಿಸಿಯಮ್ಮನ ತೊಟ್ಟಿಲನ್ನು
ಎಂಟು ದಿನಾರಿಗೆ ಹೊತ್ತು ತಂದೆವು.
ಅದರ ಮರದ ಕಂಬಿಯ ಮೇಲೆ ಸಾಲಾಗಿ ಹಲ್ಲಿನ ಗುರುತು.
ಯಾರೋ ಇಲ್ಲಿ ಮುಂಚೆಯೇ ನಿಂತು, ಕಚ್ಚಿ, ಅತ್ತು,
ಕೊನೆಗೂ ಮಲಗಿದ್ದಾರೆ.

ಪಾಠವೇನೋ ಹೇಳಿದಷ್ಟು ಸುಲಭ:
ದೀಪ ಆರಿಸದೆ, ಬೇರೆ ಕೋಣೆಯಲ್ಲಿ, ಹೊಟ್ಟೆ ತುಂಬ ಕುಡಿಸು.
ರೆಪ್ಪೆ ಭಾರವಾಗಿ, ಗುಟುಕು ತೆಳುವಾಗಿ,
ಇನ್ನೇನು ಮುಳುಗಿದ ಅನ್ನುವುದರೊಳಗೆ
ಕಿರುಬೆರಳನ್ನು ತುಟಿಯಂಚಿಗೆ ತೂರಿಸಿ ಬಿಡಿಸು.
ಚಪ್ ಎಂದೊಂದು ಸದ್ದು.
ವಿಮಾನಗಳದ್ದೆಲ್ಲ ಅದರ ಮುಂದೆ ಏನೂ ಅಲ್ಲ.
ಎಚ್ಚರವಿರುವಾಗಲೇ ಇಳಿಸು. ಎದೆಯ ಮೇಲೆ ಅಂಗೈ ಇಡು.
ಆಮೇಲೆ ಅಂಗೈ ತೆಗೆ.

ಮೊದಲ ರಾತ್ರಿ ತೆಗೆಯಲಾಗಲಿಲ್ಲ.
ಎರಡನೆಯ ರಾತ್ರಿ ತೆಗೆದೆ, ಓಣಿಯ ಬೆಕ್ಕುಗಳೂ ಎದ್ದವು.
ಮೂರನೆಯದಕ್ಕೆ ನೈಟಿಯ ಮುಂದೆ ಎರಡು ಒದ್ದೆ ನಾಣ್ಯ;
ಕದದಾಚೆ ನಿಂತು ಕಿವಿಯಿಂದಲೇ ಎತ್ತಿಕೊಂಡೆ ಅವನನ್ನು,
ಸ್ವಲ್ಪ ಹೊತ್ತಿಗೆ ಕೈಯಿಂದಲೂ.
ಕೆಳಮನೆಯ ಉಮ್ ಜಾಸಿಮ್ ಬೆಳಿಗ್ಗೆ ಬಿಸಿ ಖಬೂಸ್ ಕೊಡುತ್ತ
ಏನೂ ಕೇಳದೆ ಐದೂ ಬೆರಳ ತುದಿ ಕೂಡಿಸಿ ತೋರಿಸಿದಳು:
ಶ್ವಯ್, ಶ್ವಯ್.

ಆರನೆಯ ರಾತ್ರಿ ಅವರು ಒಳಗೆ, ನಾನು ಅಡುಗೆಮನೆಯಲ್ಲಿ,
ಕೇಳಿಸದಿರಲೆಂದು ನಲ್ಲಿ ಬಿಟ್ಟುಕೊಂಡು.
ಒಂದು ಜೋಗುಳವೂ ಬಾರದ ಮನುಷ್ಯ.
ಅಳು ಏರಿತು, ಮುರಿಯಿತು, ಮತ್ತೆ ಏರಿತು.
ತಡೆಯಲಾರದೆ ನಲ್ಲಿ ನಿಲ್ಲಿಸಿದರೆ
ಒಳಗಿನಿಂದ ತಗ್ಗಿದ ದನಿ:
ಬೈಗೆ... ಬಂಗುಡೆ... ನಂಗು...
ಅವರಪ್ಪ ಜೆಟ್ಟಿಯ ಮೇಲೆ ಏಲಂ ಕೂಗುತ್ತಿದ್ದ ಮೀನುಗಳು.
ಆದರೆ ಕೂಗದೆ, ಕೊಳ್ಳುವವರಿಲ್ಲದೆ,
ಒಂದೊಂದನ್ನೇ ನೀರಿಗೆ ವಾಪಸು ಬಿಟ್ಟ ಹಾಗೆ.

ಈಗ ಅಂಗಡಿಯಲ್ಲಿ ಎಂಟೂಕಾಲಿಗೆ ಫೋನು ಮಿನುಗುತ್ತದೆ:
"ಮಲಗಿದ."
ಕೆಲವು ದಿನ ಮಿನುಗುವುದಿಲ್ಲ. ಹಲ್ಲು ಬರುತ್ತಿದೆ.
ಆಗ ಮಣಿ ಕೈತಪ್ಪಿ ಉದುರುತ್ತದೆ,
ಕಪ್ಪು ಬಟ್ಟೆಯ ಮೇಲೆ ಹುಡುಕುತ್ತ ಕೂರುತ್ತೇನೆ.

ನಿನ್ನೆ ಒಂದೂವರೆಯ ವಿಮಾನ ಹೋಯಿತು.
ಅವನು ಕಣ್ಣು ಬಿಟ್ಟ. ಬಾಯಿ ತೆರೆಯಲಿಲ್ಲ.
ಕಿವಿ ತಿಕ್ಕಿಕೊಂಡ, ಯಾರೋ ಕಚ್ಚಿದ ಆ ಕಂಬಿಯನ್ನು ತಡವಿದ,
ಮಗ್ಗುಲಾದ.
ನನ್ನ ಬೆರಳು ಆಗಲೇ ಗುಂಡಿಯ ಮೇಲಿತ್ತು.

ಎದೆ ಕಲ್ಲಾಗಿ, ನಿದ್ದೆ ಬಾರದೆ
"ಆ ಮೀನುಗಳನ್ನು ಇನ್ನೊಮ್ಮೆ ಹೇಳಿ" ಅಂದೆ ಪಕ್ಕಕ್ಕೆ.
ಗೊರಕೆ.
ನಾನೇ ಶುರುಮಾಡಿದೆ: ಬೈಗೆ, ಬಂಗುಡೆ, ನಂಗು...
ನಾಲ್ಕನೆಯದು ಯಾವುದು,
ಬೆಳಿಗ್ಗೆ ಕೇಳಬೇಕು.