ಪುಟಕ್ಕೆ ಎರಡು ರೂಪಾಯಿ

ಎಡಗೈಯಲ್ಲಿ ಬರೆದ ಅರ್ಜಿ.
ಅಕ್ಷರಗಳೆಲ್ಲ ಒಂದೇ ಕಡೆಗೆ ವಾಲಿವೆ,
ಸೊರಬದ ಬಸ್ಸು ತಿರುವು ತೆಗೆದುಕೊಂಡಾಗ
ನಿಂತವರು ವಾಲುವ ಹಾಗೆ.
ಬಲಗೈ ಕೊರಳಿನ ಪಟ್ಟಿಯಲ್ಲಿ.
ಹೆಸರು ಗುತ್ಯಮ್ಮ, ಶಾಲೆಯಲ್ಲಿ ಬಿಸಿಯೂಟದ ಅಡುಗೆ,
ಸಾರಿನ ಪಾತ್ರೆ ಇಳಿಸುವಾಗ ಜಾರಿದ್ದು.
ಎಕ್ಸ್‌ರೇಗೆ ಸಾಗರಕ್ಕೆ ಹೋಗಿ ಎಂದು
ಚೀಟಿ ಬರೆದುಕೊಟ್ಟದ್ದು ನಮ್ಮದೇ ಆಸ್ಪತ್ರೆ.

ಬಿಪಿಎಲ್ ಕಾರ್ಡಿದ್ದರೆ ಶುಲ್ಕವಿಲ್ಲ, ಅಂದೆ.
"ಕಾರ್ಡಿದೆ. ಆದ್ರೂ ದುಡ್ಡು ಕೊಟ್ಟೇ ಕೇಳ್ತೀನಿ.
ಬಿಟ್ಟಿ ಕೇಳಿದ್ರೆ ಬಿಟ್ಟಿ ಉತ್ರ ಕೊಡ್ತೀರಿ."

ಅರ್ಜಿಯಲ್ಲಿ ಮೂರೇ ಸಾಲು:
ಏನು ಕೊಳ್ಳಬೇಕು ಅಂತ ಯೋಜನೆ ಹಾಕಿದ್ರಿ?
ಏನು ಕೊಂಡ್ರಿ?
ಅದು ಈಗ ಎಲ್ಲಿದೆ?

ಮೊದಲೆರಡಕ್ಕೆ ಕಡತವಿದೆ.
ಮೂರನೆಯದಕ್ಕೆ ನಮೂನೆಯಲ್ಲಿ ಕಾಲಮ್ಮೇ ಇಲ್ಲ.

ಇಳಿಸಿದೆ ಕಟ್ಟು. ಕ್ರಿಯಾಯೋಜನೆ, ಅಂದಾಜುಪಟ್ಟಿ,
ದರಗಳ ತುಲನಾಪಟ್ಟಿ, ಆಡಳಿತಾತ್ಮಕ ಅನುಮೋದನೆ.
ನಮ್ಮ ಕಚೇರಿಗೆ ವರ್ಷದ ಹಬ್ಬ ಯುಗಾದಿಯಲ್ಲ,
ಮಾರ್ಚ್ ಮೂವತ್ತೊಂದು.
ಆ ರಾತ್ರಿ ಅನುದಾನವನ್ನು ಹೊಳೆ ದಾಟಿಸುವ ದನದಂತೆ
ಎಣಿಸಿ, ಕೂಗಿ, ಬಾಲ ತಿರುಚಿ, ಈಚೆ ದಡಕ್ಕೆ ಹತ್ತಿಸುತ್ತೇವೆ.
ಹತ್ತಿದ ಮೇಲೆ ಮೇವಿದೆಯೋ ಇಲ್ಲವೋ
ಅದು ಮುಂದಿನ ವರ್ಷದ ಮಾತು.

ಯಂತ್ರ ಬಂದದ್ದು ಹಾಗೆ.
ಅದಕ್ಕೆ ಮೂರು ಫೇಸ್ ಕರೆಂಟು ಬೇಕು, ನಮ್ಮದು ಒಂದೇ ಫೇಸು.
ಗೋಡೆಗೆ ಸೀಸದ ಪದರ ಬೇಕು;
ಗೋಡೆ ಬೇರೆ ಲೆಕ್ಕಶೀರ್ಷಿಕೆ, ಯಂತ್ರ ಬೇರೆ ಲೆಕ್ಕಶೀರ್ಷಿಕೆ,
ದಾಯಾದಿಗಳ ಹಾಗೆ ಒಂದಕ್ಕೊಂದು ಮಾತಿಲ್ಲ.
ಪೆಟ್ಟಿಗೆ ಬಿಚ್ಚದೆಯೇ ಟೇಪು ಕತ್ತರಿಸಿದ್ದು,
ಫೋಟೋದಲ್ಲಿ ಪೆಟ್ಟಿಗೆಯ ಮೇಲೆ ಜರಿಯ ಶಾಲು.

ಎಂಬತ್ತೇಳನೇ ಪುಟ.
"ಸುಸ್ಥಿತಿಯಲ್ಲಿ ಸ್ವೀಕರಿಸಿ, ಅಳವಡಿಸಿ, ಪರೀಕ್ಷಿಸಲಾಗಿದೆ."
ಕೆಳಗೆ ದುಂಡನೆಯ ಸಹಿ.
ಆ 'ರ'ಕಾರದ ಬಾಲ ನನಗೆ ಗೊತ್ತು,
ನಾಲ್ಕನೇ ಕ್ಲಾಸಿನಲ್ಲಿ ಕಾಪಿ ಬರೆದು ಕಲಿತದ್ದು.
ಸಾಹೇಬರು ಕಾರಿನಲ್ಲಿ ಕೂತೇ ಹೇಳಿದ್ದರು,
"ಹಾಕಮ್ಮ, ಎಲ್ಲಾ ಕಡೆ ಹೀಗೇ."
ಹಾಕಿದೆ. ಆವತ್ತು ಮಗುವಿಗೆ ಜ್ವರವಿತ್ತು
ಎಂದು ಈಗ ಬರೆಯಬಹುದು. ಇರಲಿಲ್ಲ.

ಆಸ್ಪತ್ರೆಯ ಜೆರಾಕ್ಸಿಗೆ ಟೋನರಿಲ್ಲ.
ಬಸ್‌ಸ್ಟ್ಯಾಂಡಿನ ಅಂಗಡಿಗೆ ಒಯ್ದೆ, ನೂರಾ ನಲವತ್ಮೂರು ಹಾಳೆ.
ಹುಡುಗ ಮುಕ್ತಿಯಾರ್ ಒಂದೊಂದೇ ತಿರುವುತ್ತಾ
ಸುಮ್ಮನಿರಲಾರದೆ ಓದಿದ:
"ಹದಿನೆಂಟು ಲಕ್ಷ! ಎಲ್ಲಿದೆ ಮೇಡಂ ಇದು?"
ಶಿರಾಳಕೊಪ್ಪದ ಬಸ್ಸಿಗೆ ಕಾಯುವವರು ಬಗ್ಗಿ ನೋಡಿದರು.
ಬಾಣಂತಿಯೊಬ್ಬಳು, ಶುಂಠಿ ಚೀಲದವನು,
ಕನ್ನಡಕ ಹಣೆಗೇರಿಸಿದ ನಿವೃತ್ತ ಮೇಷ್ಟರು.
ಎಷ್ಟೋ ಸುತ್ತೋಲೆ ಬಂದಿವೆ ಪಾರದರ್ಶಕತೆಯ ಮೇಲೆ;
ನಾನು ಅದನ್ನು ಕಂಡದ್ದು ಅಲ್ಲಿ,
ಗಾಜಿನ ಕೆಳಗೆ ಓಡುವ ಹಸಿರು ಬೆಳಕಿನಲ್ಲಿ,
ನನ್ನ ಸಹಿ ಬೋರಲು ಮಲಗಿದ್ದಾಗ.

ಎಂಬತ್ತೇಳು ಮಾಸಲಾಗಿ ಬಂತು.
ಹಾಗೇ ಬಿಡಬಹುದಿತ್ತು. ಕಾನೂನೂ ಬೈಯುತ್ತಿರಲಿಲ್ಲ.
"ಇನ್ನೊಂದ್ಸಲ ತೆಗಿ," ಅಂದೆ, "ಕಪ್ಪಾಗಿ."

ಗುತ್ಯಮ್ಮ ಬಂದಳು. ಇನ್ನೂರಾ ಎಂಬತ್ತಾರು ರೂಪಾಯಿ,
ಹತ್ತರ ನೋಟುಗಳು, ಕೊನೆಗೆ ಚಿಲ್ಲರೆ.
ರಸೀದಿ ಹರಿದುಕೊಟ್ಟೆ.
ಎಡಗೈಯ ಹೆಬ್ಬೆರಳಿಗೆ ಎಂಜಲು ಹಚ್ಚಿ
ಹಾಳೆ ಮಗುಚುತ್ತಾ ಹೋದಳು, ನಿಂತಳು, ಸಹಿ ನೋಡಿದಳು,
ನನ್ನ ಕೊರಳಿನ ಬಿಲ್ಲೆಯ ಹೆಸರು ನೋಡಿದಳು.
ಏನೂ ಅನ್ನಲಿಲ್ಲ.

"ಮೂರನೇದಕ್ಕೆ?" ಅಂದಳು ಆಮೇಲೆ.

ಹಳೇ ಹೆರಿಗೆ ವಾರ್ಡಿನ ಹಿಂದಿನ ಕೋಣೆ.
ಮುರಿದ ಮಂಚಗಳ ಆಚೆ. ಬಾಗಿಲು ಸ್ವಲ್ಪ ಹಿಡಿಯುತ್ತೆ.
ಬಾಯಲ್ಲಿ ಹೇಳಿದ್ದಕ್ಕೆ ಪುಟದ ಲೆಕ್ಕವಿಲ್ಲ.
ಮೊಳೆಯಿಂದ ಬೀಗದಕೈ ತೆಗೆದುಕೊಂಡೆ.